ಆಗಿನ ಹೆಗ್ಗಣ

ತನ್ನ ಹೆಸರು ಕಿವಿಗೆ ಬಿದ್ದು ತಿಂದುಕನಿಗೆ ಎಚ್ಚರವಾಯಿತು. “ಆಗಿನ ಆ ಹೆಗ್ಗಣ ಬೇರೆ ಯಾರೂ ಅಲ್ಲ, ನಮ್ಮ ಬಾಚಣಿಗೆ ತಿಂದುಕ...” ಎಂದದ್ದು ಹಿರಿಯ ಭಿಕ್ಷು ಉದುಂಬರ ಥೇರರ ದನಿ, ಅದರ ಮುಂದಿನದು ಜನ ಒಟ್ಟಿಗೇ ಎಳೆದ ‘ಆ!’ ಎಂಬ ಉದ್ಗಾರದಲ್ಲಿ ಮುಳುಗಿಹೋಯಿತು. ಕಣ್ಣು ಬಿಟ್ಟರೆ ಬೇವಿನ ತೋಪಿನ ವಿಹಾರದ ಅಂಗಳದಲ್ಲಿ ಕೂತಿದ್ದ ಅಷ್ಟೂ ಮುಖಗಳು ಅವನ ಕಡೆಗೇ ತಿರುಗಿದ್ದವು. ಕೆಲವು ನಗುತ್ತಿದ್ದವು, ಕೆಲವು ಹುಬ್ಬೇರಿಸಿದ್ದವು, ಹೆಂಗಸರ ಸಾಲಿನಲ್ಲಿ ಒಂದಿಬ್ಬರು ಕಣ್ಣೊರೆಸಿಕೊಳ್ಳುತ್ತಿದ್ದರು. ಏನು ಮಾಡಬೇಕೆಂದು ತೋಚದೆ ತಿಂದುಕನೂ ನಕ್ಕ. ನಕ್ಕದ್ದು ತಪ್ಪಾಯಿತೇನೋ ಅನ್ನಿಸಿ ಮುಖ ಗಂಭೀರ ಮಾಡಿಕೊಂಡ. ಗಂಭೀರವಾದದ್ದು ಸಿಟ್ಟಿನ ಹಾಗೆ ಕಂಡೀತೆಂದು ಕೈ ಮುಗಿದ. ಅಷ್ಟರಲ್ಲಿ ‘ಸಾಧು, ಸಾಧು, ಸಾಧು’ ಎಂದು ಜನ ಮೂರು ಸಲ ಹೇಳಿದರು. ಮೂರನೆಯದಕ್ಕೆ ಅವನೂ ದನಿಗೂಡಿಸಿದ. ಯಾವುದಕ್ಕೆ ಸಾಧು ಎಂದೆನೆಂದು ಅವನಿಗೆ ಗೊತ್ತಿರಲಿಲ್ಲ. ಬಾಯಿಯ ಬಲಗಡೆ ಒದ್ದೆಯಾಗಿತ್ತು. ಮೇಲುಹೊದಿಕೆಯಿಂದ ಮೆಲ್ಲಗೆ ಒರೆಸಿಕೊಳ್ಳುತ್ತ, ಭಕ್ತಿಯಿಂದ ಕಣ್ಣೀರು ಬಂದವನ ಹಾಗೆ ಕೆನ್ನೆಯವರೆಗೂ ಒರೆಸಿಕೊಂಡ.

ನೆನಪಿದ್ದದ್ದು ಇಷ್ಟೇ: ವಾರಾಣಸಿಯಲ್ಲಿ ಒಬ್ಬ ಜಿಪುಣ ಧಾನ್ಯದ ವ್ಯಾಪಾರಿ, ಅವನ ಕಣಜದ ಕೆಳಗೆ ಬಿಲ ತೋಡಿಕೊಂಡ ಒಂದು ಹೆಗ್ಗಣ. ಅಲ್ಲಿಗೆ ಬೇವಿನ ಮೇಲಿಂದ ಗಾಳಿ ಬೀಸಿತ್ತು. ಹುಣ್ಣಿಮೆಯ ವ್ರತ, ಮಧ್ಯಾಹ್ನ ದಾಟಿದ ಮೇಲೆ ಊಟವಿಲ್ಲ ಎಂದು ಬೆಳಿಗ್ಗೆಯೇ ಎರಡು ದಿನಕ್ಕಾಗುವಷ್ಟು ಉಂಡಿದ್ದ. ಅನ್ನ ಒಳಗಿನಿಂದ ರೆಪ್ಪೆ ಎಳೆದಿತ್ತು. ಕಣಜದ ಕೆಳಗಿದ್ದ ಆ ಪ್ರಾಣಿ ಏನು ಕದ್ದಿತು, ಯಾರನ್ನು ಕಚ್ಚಿತು, ಎಷ್ಟು ನೀಚವಾಗಿ ಸತ್ತಿತು, ಒಂದೂ ಗೊತ್ತಿಲ್ಲ. ಉದುಂಬರ ಥೇರರು ಹಿಂದಿನ ಜನ್ಮಗಳನ್ನು ಬಲ್ಲವರೆಂದು ಸಾಕೇತದಲ್ಲಿ ಪ್ರತೀತಿಯಿತ್ತು. ಹೋದ ತಿಂಗಳು ಎಮ್ಮೆಯೊಂದರ ಕತೆ ಹೇಳಿ, ಆ ಎಮ್ಮೆಯೇ ಈಗಿನ ಸುಂಕದವನೆಂದು ಮುಗಿಸಿದ್ದರು. ಸುಂಕದವನು ಇನ್ನೂ ಮನೆ ಬಿಟ್ಟು ಹೊರಗೆ ಬಂದಿಲ್ಲ.

ಯಾರನ್ನಾದರೂ ಕೇಳಬಹುದಿತ್ತು. ಕೇಳಿದರೆ ಮಲಗಿದ್ದೆನೆಂದು ಒಪ್ಪಿಕೊಂಡ ಹಾಗೆ. ಮಲಗುವುದೇನು ಮಹಾಪಾಪವಲ್ಲ, ಆದರೆ ಹೋದ ಹುಣ್ಣಿಮೆಯಲ್ಲಿ ಇದೇ ಅಂಗಳದಲ್ಲಿ ಎದ್ದು ನಿಂತು, ಎದೆಯುಬ್ಬಿಸಿ, “ಧರ್ಮ ಕೇಳುವಾಗ ತೂಕಡಿಸೋರು ಮುಂದಿನ ಸಾಲು ಬಿಟ್ಟು ಹಿಂದೆ ಗೋಡೆಗೆ ಒರಗಿ ಗೊರಕೆ ಹೊಡೀಲಿ” ಎಂದವನು ತಿಂದುಕನೇ. ಅಂದದ್ದು ಎಂಬತ್ತು ದಾಟಿದ ಸುಬಂಧುವಿಗೆ. ಸುಬಂಧುವೆಂದರೆ ಊರಿನಲ್ಲಿ ಮೊಟ್ಟಮೊದಲು ಧರ್ಮಕ್ಕೆ ಶರಣು ಹೋದವನು, ಇಲ್ಲಿ ಕೂತ ಅರ್ಧ ಜನರಿಗೆ ಪಂಚಶೀಲ ಬಾಯಿಪಾಠ ಮಾಡಿಸಿದವನು. ಮುದುಕ ಊರುಗೋಲು ಹಿಡಿದು ಎದ್ದು ಹಿಂದಕ್ಕೆ ಹೋಗಿದ್ದ. ಅವನು ಹೋದ ಖಾಲಿ ಜಾಗಕ್ಕೆ ತಿಂದುಕ ಜರುಗಿದ್ದ. ಅದೇ ಜಾಗದಲ್ಲಿ, ಅದೇ ಚಾಪೆಯ ಮೇಲೆ, ಈಗ ಅವನ ಜೊಲ್ಲಿನ ಗುರುತು ಒಂದು ಬೆರಳಿನಷ್ಟು ಅಗಲ ಹರಡಿತ್ತು. ಮೊಣಕಾಲು ಜರುಗಿಸಿ ಅದನ್ನು ಮುಚ್ಚಿದ.

ಜನ ಎದ್ದರು. ಗಂಡಸರು ಕೊಳದ ಕಡೆಗೆ, ಹೆಂಗಸರು ಪಾತ್ರೆ ತೊಳೆಯಲು, ಅಂಗಳ ಗುಡಿಸಲು ಹೊರಟರು. ಸಂಜೆ ಬಿಸಿಲು ಇಳಿಯುವ ಹೊತ್ತಿಗೆ ಎಲ್ಲರೂ ದೊಡ್ಡ ಬೇವಿನ ಕೆಳಗೆ ಮತ್ತೆ ಸೇರಬೇಕಿತ್ತು. ಮುಂದಿನ ಹುಣ್ಣಿಮೆಗೆ ಭಿಕ್ಷುಗಳ ಮಳೆಗಾಲದ ವಾಸ ಮುಗಿಯುತ್ತದೆ. ಅಂದು ಭಿಕ್ಷುಗಳು ಹೊದೆಯುವ ಚೀವರದ ಮೊದಲ ಬಟ್ಟೆಯನ್ನು ಎರಡು ಕೈಯಲ್ಲಿ ಹಿಡಿದು ಸಂಘಕ್ಕೆ ಒಪ್ಪಿಸುವವರು ಯಾರೆಂದು ಗೃಹಸ್ಥ ಉಪಾಸಕರು ಇವತ್ತು ನಿಶ್ಚಯಿಸುವವರಿದ್ದರು. ಕಂಚುಗಾರ ಗೋಮಿಕ, ಇಲ್ಲವೇ ಬಾಚಣಿಗೆ ತಿಂದುಕ ಎಂಬಲ್ಲಿಗೆ ಮಾತು ನಿಂತಿತ್ತು. ಮೂರು ತಿಂಗಳಿಂದ ತಿಂದುಕ ಆ ಗಳಿಗೆಯನ್ನು ಮನಸ್ಸಿನಲ್ಲಿ ಆಡಿಸಿ ನೋಡಿದ್ದ. ಬಟ್ಟೆ ಹಿಡಿದು ನಡೆಯುವಾಗ ಎಷ್ಟು ಬಾಗಬೇಕು, ಮುಖದಲ್ಲಿ ವಿನಯ ಎಷ್ಟಿರಬೇಕು ಎಂದೆಲ್ಲ ಬಾಚಣಿಗೆಗೆಂದು ಎಮ್ಮೆಯ ಕೊಂಬನ್ನು ಸೀಳುತ್ತ, ಹಲ್ಲು ಕೊರೆಯುತ್ತ ಯೋಚಿಸಿದ್ದ. ಬೀದಿಯವರು ಮೊದಲಿಂದಲೂ ಹಾಸ್ಯ ಮಾಡುತ್ತಿದ್ದರು: ‘ನಿನ್ನ ಗುರುಗಳೆಲ್ಲ ಬೋಳುತಲೆ, ಊರೆಲ್ಲ ಅವರ ಹಿಂದೆ ಹೋದ್ರೆ ನಿನ್ನ ಬಾಚಣಿಗೆ ಕೇಳೋರು ಯಾರಯ್ಯಾ?’ ಆ ಬೀದಿಯಲ್ಲಿ ಬಟ್ಟೆ ಹೊತ್ತು ಮೆರವಣಿಗೆ ಹೋಗಬೇಕು, ಕೊಂಬು ಕೆತ್ತುವವರೆಲ್ಲ ಉಳಿ ಕೆಳಗಿಟ್ಟು ಎದ್ದು ನಿಲ್ಲಬೇಕು, ಇದು ಅವನ ಆಸೆ. ಈಗ ಅವರಿಗೆ ಕೂಗಲು ಹೊಸದೊಂದು ಹೆಸರು ಸಿಕ್ಕಿತ್ತು. ಹೆಗ್ಗಣ. ನರಿಯೂ ಅಲ್ಲ, ಕಾಗೆಯೂ ಅಲ್ಲ. ನರಿಗೆ ಜಾಣತನವಾದರೂ ಇದೆ.

ಪಾತ್ರೆಗಳ ಕಡೆ ಹೋಗುತ್ತಿದ್ದ ಹೆಂಡತಿ ಪದುಮೆ ಸೊಂಟದ ಮೇಲೆ ಕೊಡ ಇಟ್ಟುಕೊಂಡು ಅವನ ಎದುರಿಗೆ ನಿಂತಳು. ಅವಳ ಮುಖ ಕೆಂಪೇರಿತ್ತು, ಕಣ್ಣು ನೆಲದ ಮೇಲಿತ್ತು.

“ಕೇಳಿಸ್ಕೊಂಡ್ರಾ?” ಎಂದಳು.

“ಕೇಳಿಸ್ಕೊಂಡೆ.”

“ಎಲ್ಲಾ?”

“ಎಲ್ಲಾ. ಒಂದಕ್ಷರ ಬಿಡದೆ.” ಸುಳ್ಳು ಹೇಳೆನೆಂಬುದು ನಾಲ್ಕನೆಯ ಶೀಲ. ಬೆಳಿಗ್ಗೆ ತಾನೇ ಮತ್ತೊಮ್ಮೆ ತೆಗೆದುಕೊಂಡಿದ್ದ. ಮಧ್ಯಾಹ್ನದ ಹೊತ್ತಿಗೆ ಮುರಿದಿತ್ತು.

“ನಿಮಗೆ ಸಿಟ್ಟು ಬಂತಾ?”

“ಸಿಟ್ಟು ಯಾಕೆ? ಹೋದ ಜನ್ಮದ್ದಕ್ಕೆಲ್ಲಾ ಸಿಟ್ಟು ಮಾಡ್ಕೊಳ್ಳಕ್ಕಾಗತ್ತಾ?” ಎಂದು ತಿಂದುಕ ದೊಡ್ಡ ಮನುಷ್ಯನ ಹಾಗೆ ಹೇಳಿದ.

“ಹೋದ ಜನ್ಮದ್ದು ಮಾತ್ರ ಆಗಿದ್ರೆ ಸರಿಯಿತ್ತು,” ಎಂದು ಅವಳು ತುಟಿ ಕಚ್ಚಿಕೊಂಡಳು. “ನಾನು ಒಂದು ಮಾತು ಹೇಳ್ಬೇಕಿತ್ತು ನಿಮ್ಗೆ. ಇಲ್ಲಿ ಬೇಡ. ಮನೇಗ್ ಹೋಗ್ತಾ ಹೇಳ್ತೀನಿ.” ಹಿಂದಿನಿಂದ ಯಾರೋ ಹೆಂಗಸರು ಅವಳನ್ನು ಕೂಗಿ ನಕ್ಕರು. ಕೊಡ ತುಳುಕಿಸುತ್ತ ಆ ಕಡೆ ನಡೆದಳು.

ಹೋದ ಜನ್ಮದ್ದು ಮಾತ್ರವಲ್ಲ. ಹಾಗಾದರೆ ಮೀನು. ಮೀನಿನದ್ದು ಥೇರರಿಗೆ ಗೊತ್ತಾಗಿದೆ. ದೋಣಿ ನಡೆಸುವ ಭಾವಮೈದುನ ಸರಯೂ ನದಿಯಿಂದ ಕಳಿಸಿದ ಮೀನು, ಒಂದೇ ಒಂದು. ಸಾಸಿವೆ ಎಣ್ಣೆಯಲ್ಲಿ ಇಡಿಯಾಗಿ ಹುರಿದು ಪದುಮೆ ತಟ್ಟೆಯಲ್ಲಿಟ್ಟಿದ್ದಳು. ಚರ್ಮ ಅಲ್ಲಲ್ಲಿ ಸೀಳಿ ಬೆಳ್ಳಗೆ ಕಾಣುತ್ತಿತ್ತು, ಬಾಲದ ತುದಿ ಗರಿಗರಿಯಾಗಿ ಮೇಲಕ್ಕೆ ಬಾಗಿತ್ತು. ಹನ್ನೊಂದು ದಿನದ ಹಿಂದಿನ ಮಾತು, ಆದರೆ ಈಗಲೂ ಆ ಎಣ್ಣೆಯ ಚಿಟಪಟ ಕಿವಿಯಲ್ಲಿದೆ. ಹೊರಗೆ ಜಿಟಿಜಿಟಿ ಮಳೆ. ಬೀದಿಯ ಕೊನೆಯಲ್ಲಿ ಕಾವಿ ಬಣ್ಣ ಕಂಡಿತು. ಉದುಂಬರ ಥೇರರು ಭಿಕ್ಷಾಪಾತ್ರೆ ಹಿಡಿದು ಬರುತ್ತಿದ್ದರು, ಒಂದೊಂದೇ ಮನೆ, ಒಂದನ್ನೂ ಬಿಡದೆ. ಬೇರೆ ದಿನವಾಗಿದ್ದರೆ ತಿಂದುಕ ಬೀದಿಗೇ ಇಳಿದು, ನಾಲ್ಕು ಮನೆಗೆ ಕೇಳುವ ಹಾಗೆ ‘ಬನ್ನಿ ಭಂತೆ, ಬನ್ನಿ’ ಎನ್ನುತ್ತಿದ್ದ. ಅಂದು ಗಂಜಿ ಮುಗಿದಿತ್ತು, ಅನ್ನ ಇನ್ನೂ ಬೆಂದಿರಲಿಲ್ಲ, ಇದ್ದದ್ದು ಮೀನು. ಕಾಲು ತಾವಾಗಿಯೇ ಹೋಗಿ ಬಾಗಿಲು ದೂಡಿ ಮುಚ್ಚಿದವು. ‘ಮನೇಲಿ ಯಾರೂ ಇಲ್ಲ, ಉಸಿರೆತ್ತಬೇಡ’ ಎಂದು ಒಳಗೆ ಹೆಂಡತಿಗೆ ಕೈಸನ್ನೆ ಮಾಡಿ, ತಾನು ಬಾಗಿಲಿನ ಹಿಂದೆ ಗೋಡೆಗಂಟಿಕೊಂಡ.

ಥೇರರು ಬಂದು ನಿಂತರು. ಕೇಳುವ ಹಾಗಿಲ್ಲ, ಕೂಗುವ ಹಾಗಿಲ್ಲ, ಸುಮ್ಮನೆ ನಿಲ್ಲುವುದು ಅವರ ಪದ್ಧತಿ. ಒಂದು ನೊಗದ ಉದ್ದದಷ್ಟು ಮುಂದಿನ ನೆಲ ನೋಡಿಕೊಂಡು ನಿಲ್ಲುತ್ತಾರೆ. ತಿಂದುಕನಿಗೆ ಆಗ ಹೊಳೆಯಿತು: ನೆಲವನ್ನೇ ನೋಡುವವರಿಗೆ ಬಾಗಿಲಿನ ಕೆಳಗಿನ ಸಂದಿ ಕಾಣದೆ ಇರುತ್ತದೆಯೇ? ಆ ಸಂದಿಯಿಂದ ತನ್ನ ಬಲಗಾಲಿನ ಹೆಬ್ಬೆರಳು, ಉಗುರು ಒಡೆದದ್ದು, ಕೊಂಬಿನ ಪುಡಿ ಮೆತ್ತಿಕೊಂಡದ್ದು, ಹೊರಗಿಣುಕಿತ್ತು. ಎಳೆದುಕೊಂಡರೆ ಅಲುಗಾಟ ಕಾಣುತ್ತದೆ. ಬಿಟ್ಟರೆ ಬೆರಳು ಕಾಣುತ್ತದೆ. ಬೆರಳು ಬಾಗಿಲಿನದೇ ಭಾಗವೆಂದು ಅವರು ತಿಳಿಯಲಿ ಎಂದು ಹಾರೈಸುತ್ತ ಅದನ್ನು ಮರದ ತುಂಡಿನ ಹಾಗೆ ಬಿಗಿಹಿಡಿದ. ಅಷ್ಟು ದೀರ್ಘವಾದ ಧ್ಯಾನವನ್ನು ಅವನು ವಿಹಾರದಲ್ಲಿ ಎಂದೂ ಮಾಡಿರಲಿಲ್ಲ. ಕೊನೆಗೆ ಹೆಜ್ಜೆಯ ಸದ್ದು ಪಕ್ಕದ ಓಣಿಯ ಕಡೆ ಹೋಯಿತು. ಇನ್ನೂ ಸ್ವಲ್ಪ ಹೊತ್ತು ಕಾದು, ಬೆವರೊರೆಸಿಕೊಂಡು ಒಳಗೆ ಬಂದರೆ ತಟ್ಟೆ ಖಾಲಿ. ‘ಬೆಕ್ಕು’ ಎಂದಳು ಪದುಮೆ, ಒಲೆಯ ಕಡೆ ಮುಖ ಮಾಡಿ. ಹಿತ್ತಲಿನ ಮಾಡಿನ ಕೆಳಗೆ ನಿಜವಾಗಿಯೂ ಒಂದು ಬೆಕ್ಕು ಕೂತು ಮೈ ನೆಕ್ಕಿಕೊಳ್ಳುತ್ತಿತ್ತು. ಅದಕ್ಕೆ ಕೈಗೆ ಸಿಕ್ಕ ಬಾಚಣಿಗೆ ಬೀಸಿ ಒಗೆದ. ಅವತ್ತಿನಿಂದ ಬೆಕ್ಕು ಈ ಕಡೆ ಹಾಯುವುದಿಲ್ಲ. ಬಾಚಣಿಗೆಯ ಮೂರು ಹಲ್ಲು ಮುರಿದವು.

ಹಾಗೆಂದು ಥೇರರು ನೂರಾರು ಜನರ ಎದುರು ಹೆಗ್ಗಣ ಎನ್ನಬೇಕೇ? ತಿಂದುಕನಿಗೆ ಅಳು, ಕೋಪ ಒಟ್ಟಿಗೇ ಬಂದವು. ಹೋದ ಮಳೆಗಾಲದಲ್ಲಿ ವಿಹಾರದ ಮಾಡು ಸೋರಿದಾಗ ಹುಲ್ಲು ಹೊತ್ತವನು ಯಾರು? ಕೊಳದ ಮೆಟ್ಟಿಲಿನ ಪಾಚಿ ಕೆರೆದವನು ಯಾರು? ಒಂದು ಮೀನು, ಅದೂ ಬೆಕ್ಕಿನ ಪಾಲಾದದ್ದು! ತಿಂದಿದ್ದರೆ ಬೇರೆ ಮಾತು. ತಿನ್ನದೆಯೇ ಪಾಪ ಹೊತ್ತ ಮನುಷ್ಯ ಈ ಕೋಸಲ ದೇಶದಲ್ಲಿ ತಾನೊಬ್ಬನೇ ಇರಬೇಕು. ಕತೆಯಲ್ಲಿ ಏನು ಬಂದಿತ್ತೆಂದು ತಿಳಿದರೆ ಸಂಜೆಯ ಸಭೆಗೆ ಮುಖ ಸಿದ್ಧ ಮಾಡಿಕೊಳ್ಳಬಹುದು ಎಂದುಕೊಂಡು ವಿಹಾರದ ಬಾಗಿಲಿಗೆ ನಡೆದ. ಅಲ್ಲಿ ಹೂ ಮಾರುವ ಕೇಸಿನಿ ಅಜ್ಜಿ ಉಳಿದ ತಾವರೆಗಳಿಗೆ ನೀರು ಚಿಮುಕಿಸುತ್ತ ಕೂತಿದ್ದಳು. ಒಂದು ಕಾಲದಲ್ಲಿ ಮೊಣಕಾಲು ಮುಟ್ಟುತ್ತಿದ್ದ ಕೂದಲಂತೆ. ಈಗ ಅಡಿಕೆ ಗಾತ್ರದ ಗಂಟು. ಆದರೂ ವರ್ಷಕ್ಕೊಂದು ಬಾಚಣಿಗೆ ತಪ್ಪದೆ ಕೇಳಿ ಪಡೆಯುತ್ತಿದ್ದಳು. ಅವಳಿಗೆ ಒಂದು ಕಿವಿ ಕೇಳುತ್ತಿರಲಿಲ್ಲ. ಯಾವುದೆಂದು ಯಾರಿಗೂ ಹೇಳಿರಲಿಲ್ಲ.

“ಇವತ್ತಿನ ಕತೆ ಚೆನ್ನಾಗಿತ್ತಲ್ಲ ಅಜ್ಜಿ?” ಎಂದು ತಿಂದುಕ ಸುತ್ತಿ ಬಳಸಿ ಶುರು ಮಾಡಿದ.

“ಚೆನ್ನಾಗಿರದೆ ಏನ್ ಮಗಾ. ನಾನಂತೂ ಅತ್ತುಬಿಟ್ಟೆ.”

“ನಿಮಗೆ ಯಾವ ಭಾಗ ಹಿಡಿಸ್ತು?”

“ಬಾಲದ್ದು.”

“ಯಾವ ಬಾಲ?” ಎಂಬುದು ತಡೆಯುವ ಮೊದಲೇ ಬಾಯಿಂದ ಜಾರಿತು. ಅಜ್ಜಿ ಕತ್ತೆತ್ತಿ ನೋಡಿದಳು. “ಅಂದ್ರೆ, ಬಾಲದ್ದು ಎಷ್ಟೊಂದು ಸಲ ಬರತ್ತಲ್ಲ, ಯಾವುದು ಅಂತ ಕೇಳ್ದೆ.”

“ಎಷ್ಟೊಂದು ಸಲ ಎಲ್ಲಿ ಬಂತೋ? ಒಂದೇ ಸಲ. ಬಾಗಿಲ ಕೆಳಗಿನ ಸಂದೀಲಿ ಬಾಲ ಸಿಕ್ಕಿಹಾಕ್ಕೊಂಡಿದ್ದು. ಹೊರಗಡೆ ಆ ಸನ್ಯಾಸಿ ಸುಮ್ನೆ ನಿಂತಿದ್ದು.”

ತಿಂದುಕನ ಬಲಗಾಲಿನ ಹೆಬ್ಬೆರಳು ಚಪ್ಪಲಿಯೊಳಗೆ ತಾನಾಗಿಯೇ ಮಡಚಿಕೊಂಡಿತು. ಬಾಗಿಲು, ಸಂದಿ, ಹೊರಗೆ ನಿಂತ ಸನ್ಯಾಸಿ. ಹೆಬ್ಬೆರಳನ್ನು ಬಾಲ ಮಾಡಿದ್ದಾರೆ, ಅಷ್ಟೇ. “ಆಮೇಲೆ ಆ ಹೆಗ್ಗಣದ ಬಗ್ಗೆ ಜನ ಏನಂತಾರೆ?” ಎಂದು ಕೇಳಿದ.

“ಏನಂತಾರೆ? ಅಂಥದ್ದು ಒಂದು ಮನೇಲಿದ್ರೆ ಸಾಕು, ಏಳು ತಲೆಮಾರಿಗೆ ಹೆಸರು ಅಂತಾರೆ. ಕಾಲು ತೆಗಿ ಮಗಾ, ನನ್ನ ತಾವರೆ ತುಳೀತಿದೀಯ.” ಅಜ್ಜಿ ನಗುತ್ತಿದ್ದಳು. ಬೊಚ್ಚುಬಾಯಿಯ ನಗೆಯಲ್ಲಿ ಹೊಗಳಿಕೆ ಯಾವುದು, ಚುಚ್ಚು ಯಾವುದು ಎಂದು ಬಿಡಿಸುವುದು ಹೇಗೆ? ಏಳು ತಲೆಮಾರಿಗೆ ಹೆಸರು. ಮಕ್ಕಳಿಲ್ಲದ ತನಗೆ ಅದನ್ನು ಹೇಳಿದಳಲ್ಲ, ಎಂಥ ವಿಷ ಎಂದು ತಿಂದುಕ ನೊಂದುಕೊಂಡ.

ಕೊಳದ ಮೆಟ್ಟಿಲ ಮೇಲೆ ಗೋಮಿಕ ಕಾಲು ತೊಳೆಯುತ್ತಿದ್ದ. ಅವನ ಕಾಲೂ ಅವನ ಅಂಗಡಿಯ ಕೊಪ್ಪರಿಗೆಯ ಹಾಗೆ ದುಂಡಗೆ ಹೊಳೆಯುತ್ತಿದ್ದವು. ಸುಬಂಧುವಿನ ಅಳಿಯನೀತ. ಮಾವನನ್ನು ಹಿಂದಕ್ಕೆ ಕಳಿಸಿದ ದಿನದಿಂದ ತಿಂದುಕನೊಡನೆ ಎರಡು ಮಾತಿಗಿಂತ ಹೆಚ್ಚು ಆಡಿರಲಿಲ್ಲ. ಇಂದು ತಾನಾಗಿಯೇ ಕರೆದ. “ಬಾರಯ್ಯಾ, ಬಾ. ಇವತ್ತು ನಿಂದೇ ದಿನ.”

“ನಂದೇನು ಬಂತು,” ಎಂದು ತಿಂದುಕ ಎರಡು ಮೆಟ್ಟಿಲು ಮೇಲೆಯೇ ಕೂತ. “ಥೇರರು ಏನೋ ಒಂದು ಮಾತಿಗೆ ಹೇಳಿದ್ದು.”

“ಥೇರರು ಮಾತಿಗೆ ಹೇಳೋರಾ? ಸಭೆಯೆಲ್ಲಾ ನಿನ್ನ ಮುಖ ನೋಡ್ತಿದ್ರೆ ನೀನು ಕೈ ಮುಗಿದೆಯಲ್ಲ, ನನಗೆ ಅದು ಸೋಜಿಗ. ನಾನಾಗಿದ್ರೆ ಎದ್ದು ಕುಣೀತಿದ್ದೆ.”

“ಕುಣೀತಿದ್ಯಾ?”

“ಎಲ್ಲರ ಮನೇಗೂ ಅಂಥ ಹೆಗ್ಗಣ ಸಿಗತ್ತೇನಯ್ಯಾ? ನಮ್ಮನೇಲಿರೋದು ಬರೀ ಇಲಿಗಳು.” ಗೋಮಿಕ ನಿಟ್ಟುಸಿರು ಬಿಟ್ಟು ಹಿಮ್ಮಡಿ ತಿಕ್ಕಿದ. “ಸಂಜೆ ಇನ್ನು ನನ್ನ ಹೆಸರು ಯಾರೂ ಎತ್ತಲ್ಲ ಬಿಡು. ಬಟ್ಟೆ ನಿಮ್ಮ ಮನೇದೇ.”

ಅಣಕ ಎಂದರೆ ಇದು ಎಂದು ತಿಂದುಕನಿಗೆ ಅನ್ನಿಸಿತು. ಕಂಚು ಬಡಿದು ಬಡಿದು ಇವನ ನಾಲಗೆಯೂ ಎಷ್ಟು ನುಣುಪಾಗಿದೆ! ಮುಖದಲ್ಲಿ ಒಂದು ಗೆರೆ ಅಲುಗದ ಹಾಗೆ ಚುಚ್ಚುತ್ತಾನೆ. ಸಂಜೆಗೆ ಇವನೇ ಎದ್ದು ನಿಂತು, ಇದೇ ದನಿಯಲ್ಲಿ, ‘ಹೆಗ್ಗಣದ ಕೈಯಿಂದ ಸಂಘಕ್ಕೆ ಬಟ್ಟೆ ಕೊಡಿಸೋಣವೇ?’ ಎಂದು ಕೇಳುವುದು ತಿಂದುಕನ ಕಣ್ಣಿಗೆ ಕಟ್ಟಿತು. ಜನ ನಗುತ್ತಾರೆ. ಸುಬಂಧು ಗೋಡೆಯ ಪಕ್ಕದಿಂದ ನೋಡುತ್ತಾನೆ. ನೀರಿನಲ್ಲಿ ತನ್ನ ಮುಖ ಕಂಡಿತು. ಮೂಗು ಇಷ್ಟು ಚೂಪಾಗಿದೆಯೆಂದು ಇಷ್ಟು ವರ್ಷ ಯಾರೂ ಹೇಳಿರಲಿಲ್ಲ. ಮೇಲಿನ ಎರಡು ಹಲ್ಲು ಸ್ವಲ್ಪ ಮುಂದೆ. ಚಿಕ್ಕಂದಿನಲ್ಲಿ ಅಮ್ಮ ಬೆಲ್ಲದ ಮಡಕೆಯನ್ನು ಅಟ್ಟದ ಮೇಲಿಟ್ಟು ‘ಎಲ್ಲಿಟ್ಟರೂ ಕೊರೆದುಬಿಡ್ತೀಯಲ್ಲೋ’ ಎನ್ನುತ್ತಿದ್ದಳು. ಎಳ್ಳುಂಡೆ ತಿಂದು ತಂಗಿಯ ಹೆಸರು ಹೇಳಿದ್ದು, ಸತ್ತ ಅಪ್ಪನ ಶ್ರಾದ್ಧದ ಪಾಯಸವನ್ನು ಮೊದಲೇ ಬೆರಳದ್ದಿ ನೆಕ್ಕಿದ್ದು, ಗುರುವಿನ ಹತ್ತಿರ ಕೊಂಬಿನ ಕೆಲಸ ಕಲಿಯುವಾಗ ಅವನ ಮಜ್ಜಿಗೆಯ ಕೆನೆ ತೆಗೆದದ್ದು, ಒಂದರ ಬಾಲ ಹಿಡಿದು ಒಂದು ಬಿಲದಿಂದ ಹೊರಗೆ ಬಂದವು. ಥೇರರು ಸುಳ್ಳು ಹೇಳಿಲ್ಲ. ವಿಚಿತ್ರವೆಂದರೆ ಹೀಗೆ ಒಪ್ಪಿಕೊಂಡ ಗಳಿಗೆ ಎದೆ ಸ್ವಲ್ಪ ಹಗುರವಾಯಿತು. ಹಗುರವಾದ ಹಿಂದೆಯೇ ಇನ್ನೊಂದು ಯೋಚನೆ ಬಂತು: ಬೇರೆಯವರು ಹೇಳುವ ಮೊದಲು ತಾನೇ ಹೇಳಿಬಿಟ್ಟರೆ? ತಪ್ಪನ್ನು ತಾನಾಗಿ ಒಪ್ಪಿಕೊಂಡವನನ್ನು ಜನ ಮೆಚ್ಚುತ್ತಾರೆ. ಕಣ್ಣಲ್ಲಿ ಒಂದೆರಡು ಹನಿ ಬಂದರೆ ಇನ್ನೂ ಒಳ್ಳೆಯದು. ಯಾರಿಗೆ ಗೊತ್ತು, ಬಟ್ಟೆ ಕೂಡ ಸಿಗಬಹುದು. ಪಶ್ಚಾತ್ತಾಪದಲ್ಲಿಯೂ ಲಾಭ ಮೂಸುತ್ತಿದ್ದೇನೆಂದು ಅವನಿಗೇ ಗೊತ್ತಾಯಿತು. ಇದು ಕೂಡ ಹೆಗ್ಗಣದ್ದೇ ಬುದ್ಧಿ ಎಂದುಕೊಂಡ. ಹಾಗೆಂದು ಯೋಚನೆಯನ್ನೇನೂ ಬಿಡಲಿಲ್ಲ.

ಬಿಸಿಲು ಇಳಿಯಿತು. ದೊಡ್ಡ ಬೇವಿನ ಕೆಳಗೆ ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ ಕೂತರು. ಎಲ್ಲರಿಗಿಂತ ಹಿರಿಯನೆಂದು ಸುಬಂಧುವನ್ನು ನಡುವೆ ಕೂರಿಸಿದ್ದರು. ಅವನು ಗಂಟಲು ಸರಿಮಾಡಿಕೊಂಡು, “ಚೀವರದ ಬಟ್ಟೆಯ ವಿಷಯ. ಇವತ್ತು ಥೇರರ ಕತೆ ಕೇಳಿದ ಮೇಲೆ ನನ್ನ ಮನಸ್ಸಿಗೆ ಒಂದು ಹೆಸರು...” ಎನ್ನುವಷ್ಟರಲ್ಲಿ ತಿಂದುಕ ಎದ್ದು ನಿಂತ.

“ಸ್ವಲ್ಪ ತಡೀರಿ ಅಜ್ಜ. ನೀವು ಹೇಳೋ ಮೊದ್ಲು ನಾನೇ ಹೇಳ್ತೀನಿ. ಆ ಹೆಗ್ಗಣದ ಬಗ್ಗೆ.”

ಹೆಂಗಸರ ಸಾಲಿನಲ್ಲಿ ಪದುಮೆ ಕತ್ತೆತ್ತಿದಳು.

“ಹನ್ನೊಂದು ದಿನದ ಹಿಂದೆ ಥೇರರು ನಮ್ಮನೆ ಬಾಗಿಲಿಗೆ ಬಂದಿದ್ರು. ಒಳಗಡೆ ಒಂದು ಮೀನಿತ್ತು. ಕೊಡಕ್ಕೆ ಮನಸ್ಸು ಬರ್ಲಿಲ್ಲ. ಬಾಗಿಲು ಹಾಕ್ಕೊಂಡು ಹಿಂದೆ ಅಡಗಿ ನಿಂತೆ. ಸಂದೀಲಿ ಕಾಣ್ತಿದ್ದಿದ್ದು ಬಾಲ ಅಲ್ಲ, ನನ್ನ ಹೆಬ್ಬೆರಳು.” ಯಾರೋ ಕಿಸಕ್ಕೆಂದರು. ಮಾತು ಈಗ ಅವನ ಹಿಡಿತದಲ್ಲಿರಲಿಲ್ಲ. ಇಳಿಜಾರಿನ ಗಾಡಿಯ ಹಾಗೆ ಓಡುತ್ತಿತ್ತು. “ಮಜ್ಜಿಗೆ ಕೆನೆ ಕದ್ದಿದೀನಿ. ತಂಗಿ ಮೇಲೆ ಸುಳ್ಳು ಹೇಳಿದೀನಿ. ಥೇರರು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿಲ್ಲ. ಕಳ್ಳತನ, ಹೊಟ್ಟೆಬಾಕತನ, ಅಡಗಿಕೊಳ್ಳೋದು, ಎಲ್ಲಾ ನನ್ನದೇ. ಹೌದು, ಆಗಿನ ಹೆಗ್ಗಣ ನಾನೇ!”

ಎದೆಗೆ ಕೈಯಿಟ್ಟುಕೊಂಡು ತಲೆ ತಗ್ಗಿಸಿ ನಿಂತ. ಮೆಚ್ಚುಗೆಯ ಗುಜುಗುಜು ಬರಬೇಕಿತ್ತು, ಬರಲಿಲ್ಲ. ಬೇವಿನ ಹಣ್ಣೊಂದು ಟಪ್ಪೆಂದು ಬಿತ್ತು.

“ಅಲ್ಲ ಕಣೋ ಮಗಾ,” ಎಂದಳು ಕೇಸಿನಿ ಅಜ್ಜಿ. “ಹೆಗ್ಗಣ ನೀನಲ್ಲ. ನಿನ್ನ ಹೆಂಡ್ತಿ.”

“ಏನು?”

“ಅದು ಹೇಗೋ ನೀನಾಗ್ತೀಯ? ಬರಗಾಲದಲ್ಲಿ ಸನ್ಯಾಸಿ ಹಸಿದು ಬಾಗಿಲಲ್ಲಿ ನಿಂತಿದ್ದ, ಜಿಪುಣ ವ್ಯಾಪಾರಿ ಅಗುಳಿ ಹಾಕ್ಕೊಂಡು ಒಳಗೆ ಕೂತಿದ್ದ. ಆಗ ಆ ಹೆಗ್ಗಣ ತನ್ನ ಪಾಲಿನ ರೊಟ್ಟಿ ಕಚ್ಚಿ ಎಳ್ಕೊಂಡು ಸಂದಿಯಿಂದ ಹೊರಗೆ ದೂಡ್ತು. ಬಾಲ ತುಂಡಾಯ್ತು. ಆದ್ರೂ ರೊಟ್ಟಿ ಬಿಡ್ಲಿಲ್ಲ. ‘ಆಗಿನ ಆ ಹೆಗ್ಗಣ ನಮ್ಮ ಬಾಚಣಿಗೆ ತಿಂದುಕನ ಮನೆಯ ಪದುಮೆ’ ಅಂದ್ರು ಥೇರರು. ನಾವೆಲ್ಲಾ ಅತ್ವಿ. ಮೊನ್ನೆ ನಿಮ್ಮನೆ ಹಿಂದಿನ ಓಣೀಲಿ ಇವಳು ಮಳೇಲಿ ಓಡೋಡಿ ಬಂದು ಥೇರರ ಪಾತ್ರೆಗೆ ಮೀನು ಹಾಕಿದ್ದು ನಾನೇ ಕಣ್ಣಾರೆ ಕಂಡಿದೀನಿ. ನೀನು ಆವಾಗ ಎಲ್ಲಿಗೆ ಹೋಗಿದ್ದೆ?”

“ಬಾಗಿಲ ಹಿಂದೆ,” ಎಂದ ಗೋಮಿಕ. ನಗೆ ಆಗ ಒಡೆಯಿತು. ಮೊದಲು ಹೆಂಗಸರ ಕಡೆಯಿಂದ, ಆಮೇಲೆ ಎಲ್ಲ ಕಡೆಯಿಂದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಲ್ಲ ಎಂದು ಯಾರೋ ಕೂಗಿದರು. ಕಳ್ಳ ಎಂದವರೂ ಇಲ್ಲ, ಕುಂಬಳಕಾಯಿಯೂ ಇಲ್ಲ ಎಂದು ಇನ್ನೊಬ್ಬರು. ಗೋಮಿಕ ಹೊಟ್ಟೆ ಹಿಡಿದುಕೊಂಡು ಪಕ್ಕದವನ ಮೇಲೆ ಒರಗಿದ. ಸುಬಂಧು ಮಾತ್ರ ನಗಲಿಲ್ಲ. ಕಣ್ಣು ಕಿರಿದು ಮಾಡಿ ತಿಂದುಕನನ್ನೇ ನೋಡುತ್ತ, ಬಹಳ ಮೆತ್ತಗೆ ಕೇಳಿದ:

“ಕತೆ ನಿನ್ನ ಕಿವಿ ಮುಂದೇನೇ ಹೇಳಿದ್ರಲ್ಲ ಮಗೂ. ನೀನು... ಮಲಗಿದ್ಯಾ?”

ತಿಂದುಕ ಬಾಯಿ ತೆರೆದ. ಸುಳ್ಳೊಂದು ನಾಲಗೆಯ ತುದಿಗೆ ಬಂದು ಕೂತಿತ್ತು, ಕಣ್ಣು ಮುಚ್ಚಿ ಧ್ಯಾನದಲ್ಲಿದ್ದೆನೆಂಬುದು. ಅದನ್ನು ನುಂಗಿದ. “ಮಲಗಿದ್ದೆ ಅಜ್ಜ. ಜೊಲ್ಲು ಕೂಡ ಸುರಿಸಿದೀನಿ, ನಿಮ್ಮ ಜಾಗದಲ್ಲೇ. ಅವತ್ತು ನಿಮ್ಮನ್ನ ಎಬ್ಬಿಸಿದ್ದು ಆ ಜಾಗಕ್ಕೆ ಆಸೆಪಟ್ಟು.” ಈ ಸಲ ಮೆಚ್ಚುಗೆಯ ನೆನಪಾಗಲಿಲ್ಲ. ಕಿವಿ ಸುಡುತ್ತಿದ್ದವು, ಅಷ್ಟೇ.

ಮುದುಕನ ಮುಖದ ಸುಕ್ಕುಗಳೆಲ್ಲ ಒಂದೊಂದಾಗಿ ಬಿಚ್ಚಿಕೊಂಡವು. “ಗೋಡೆ ಹತ್ರ ಜಾಗ ತುಂಬಾ ತಂಪು ಕಣಪ್ಪಾ,” ಎಂದ. “ಒಬ್ಬನಿಗೇ ಬೇಜಾರು. ಮುಂದಿನ ಸಲದಿಂದ ಬಾ. ನನಗೆ ಎಡಗಡೆ ಮಗ್ಗುಲು ಬೇಕು, ಬಲಗಡೆ ನಿಂದು.” ನಕ್ಕವರು ಮತ್ತೆ ನಕ್ಕರು, ಆದರೆ ಈ ಸಲದ ನಗೆ ತಿಂದುಕನನ್ನು ಒಳಗೆ ಸೇರಿಸಿಕೊಂಡಿತು. ಬಟ್ಟೆಯ ಮಾತು ಆಮೇಲೆ ಒಂದು ಗಳಿಗೆಯಲ್ಲಿ ಮುಗಿಯಿತು. ಪದುಮೆಯ ಹೆಸರು ಸುಬಂಧು ಹೇಳಿದ, ಗೋಮಿಕನೇ ಮೊದಲು ಸಾಧು ಎಂದ. ಪದುಮೆ ಬೇಡ ಬೇಡವೆಂದು ತಲೆ ಆಡಿಸುತ್ತಿದ್ದಳು. ಅದನ್ನು ಎಲ್ಲರೂ ವಿನಯವೆಂದುಕೊಂಡರು.

ನದಿಯ ದಂಡೆ ಹಿಡಿದು ಇಬ್ಬರೂ ಮನೆಗೆ ಹೊರಟಾಗ ಆಚೆ ದಡದ ಮೇಲೆ ಇನ್ನೂ ಕೆಂಪು ಉಳಿದಿತ್ತು. ಕೊನೆಯ ದೋಣಿ ಎಮ್ಮೆಗಳನ್ನು ತುಂಬಿಕೊಂಡು ಈ ದಡಕ್ಕೆ ಬರುತ್ತಿತ್ತು. ಅವಳು ಎರಡು ಹೆಜ್ಜೆ ಹಿಂದೆ ನಡೆಯುತ್ತಿದ್ದಳು, ಎಂದಿನ ಹಾಗೆ. ತಿಂದುಕ ನಿಂತು ಕಾದ. ಅವಳೂ ನಿಂತಳು. ಹದಿನೆಂಟು ವರ್ಷ ಒಂದೇ ಒಲೆಯ ಮುಂದೆ ಕೂತವಳು ಮಳೆಯಲ್ಲಿ ಓಡಿದ್ದಳು, ತಾನು ಬಾಗಿಲಿನ ಹಿಂದೆ ಬೆರಳು ಬಿಗಿಹಿಡಿದು ನಿಂತಿದ್ದಾಗ. ಆ ಓಟವನ್ನು ಕಲ್ಪಿಸಿಕೊಳ್ಳಲು ನೋಡಿದ. ಅವಳು ಓಡಿದ್ದನ್ನು ತಾನು ಒಮ್ಮೆಯೂ ನೋಡಿಯೇ ಇಲ್ಲ ಎಂಬುದು ಆಗ ಹೊಳೆಯಿತು.

“ನಾನು ಎಂಥವನು ಅಂತ ಊರಿಗೆಲ್ಲಾ ಗೊತ್ತಾಯ್ತಲ್ಲ,” ಎಂದ.

“ಊರಿಗೆ ಮೊದ್ಲೇ ಗೊತ್ತಿತ್ತು ಬಿಡಿ,” ಎಂದಳು ಪದುಮೆ. ತನ್ನ ಅಂಗೈ ನೋಡಿಕೊಳ್ಳುತ್ತ, “ನಾನೆಂಥವಳು ಅಂತಲೇ ಗೊತ್ತಾಗ್ಲಿಲ್ಲ. ಥೇರರು ನನ್ನ ಹೆಸರು ಹೇಳ್ದಾಗ ಭೂಮಿ ಬಾಯಿಬಿಡಬಾರದಾ ಅನ್ನಿಸ್ತು. ಬಟ್ಟೆ ಹಿಡಿಯೋ ಕೈ ಅಲ್ಲ ಇದು,” ಎಂದಳು.

“ಬೆಕ್ಕು ಅಂತ ಸುಳ್ಳು ಹೇಳಿದ್ದಕ್ಕಾ? ಹೋಗ್ಲಿ ಬಿಡು. ಹೇಳ್ದೆ ಇದ್ದಿದ್ರೆ ನಾನು ಅವತ್ತು ಕೂಗಾಡ್ತಿದ್ದೆ.”

“ಅದೊಂದೇ ಅಲ್ಲ.” ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು. “ಮೀ‌ನು ಪೂರ್ತಿ ಕೊಡ್ಲಿಲ್ಲ ನಾನು.”

“ಅಂದ್ರೆ?”

“ಹಿಂದಿನ ಬಾಗಿಲಿಂದ ಓಡೋವಾಗ, ಓಣಿ ತಿರುಗೋ ಹತ್ರ... ವಾಸನೆ ಅಷ್ಟು ಚೆನ್ನಾಗಿತ್ತು. ಮುಂಡ ಕೊಟ್ಟೆ. ತಲೆ ಮುರ್ಕೊಂಡು ನಾನೇ ತಿಂದೆ. ಓಡ್ತಾ ಓಡ್ತಾನೇ ತಿಂದೆ. ಕೈ ಒರೆಸ್ಕೊಂಡು ಥೇರರಿಗೆ ನಮಸ್ಕಾರ ಮಾಡ್ದೆ.” ಅವಳ ದನಿ ಅಳುವಿನ ಅಂಚಿಗೆ ಬಂದು ನಿಂತಿತು. “ಅವ್ರು ಜನ್ಮ ಜನ್ಮ ಎಲ್ಲಾ ನೋಡ್ತಾರಂತೆ. ತಲೆ ಇಲ್ಲದ ಮೀನು ನೋಡ್ಲಿಲ್ವಾ? ನೋಡಿನೂ ಯಾಕೆ ನನ್ನ ಹೊಗಳಿದ್ರು?”

ಉತ್ತರ ಗೊತ್ತಿದ್ದವರ ಹಾಗೆ ಮುಖ ಮಾಡುವುದು ತಿಂದುಕನ ಅಭ್ಯಾಸ. ಇವತ್ತು ಅದಕ್ಕೂ ತ್ರಾಣವಿರಲಿಲ್ಲ. ದೋಣಿ ದಡಕ್ಕೆ ತಾಗಿ ಎಮ್ಮೆಗಳು ಒಂದರ ಮೇಲೊಂದು ನುಗ್ಗುತ್ತ ಇಳಿದವು, ಕೆಸರು ಇಬ್ಬರ ಮೈಗೂ ಸಿಡಿಯಿತು. ಸೂರ್ಯ ಹುಟ್ಟುವವರೆಗೆ ಏನೂ ತಿನ್ನುವ ಹಾಗಿಲ್ಲ; ಹೊಟ್ಟೆ ಚುರುಗುಟ್ಟುತ್ತಿತ್ತು. ಅವಳ ಕೆನ್ನೆಯ ಮೇಲಿನ ಕೆಸರನ್ನು ಹೆಬ್ಬೆರಳಿನಿಂದ ಒರೆಸಿ, ಯಾರೂ ಕೇಳಿಸಿಕೊಳ್ಳುತ್ತಿಲ್ಲವೆಂದು ಹಿಂದೆ ಮುಂದೆ ನೋಡಿ, ಬಗ್ಗಿ ಅವಳ ಕಿವಿಯ ಹತ್ತಿರ ಕೇಳಿದ:

“ಹೇಗಿತ್ತು?”

ಪದುಮೆ ಅವನನ್ನು ಒಂದು ಕ್ಷಣ ದಿಟ್ಟಿಸಿದಳು. ಆಮೇಲೆ ತುಟಿ ಒದ್ದೆ ಮಾಡಿಕೊಂಡು, “ಕಣ್ಣಿನ ಹತ್ರದ ಮಾಂಸ ಇರತ್ತಲ್ಲ,” ಎಂದು ಮೆಲ್ಲಗೆ ಶುರು ಮಾಡಿದಳು. ಮನೆ ಮುಟ್ಟುವವರೆಗೂ ಇಬ್ಬರೂ ಆ ಮೀನಿನ ಮಾತನ್ನೇ ಆಡಿದರು.